ಅಮ್ಮನ ಬಗ್ಗೆ ಹೀಗೂ ಬರೆಯಬಹುದಾ? ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಅಮೆರಿಕದ ಜೆನೆಟ್ ಮೆಕರ್ಡಿ ಬರೆದ ಆತ್ಮಕಥೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಕಾಗದ ಬರುತ್ತದೆ ಅಂದುಕೊಂಡಿರಲಿಲ್ಲ. ಮಡಿಕೇರಿಯ ಮಳೆಯಲ್ಲಿ ಅರ್ಧ ನೆನೆದು ಬಂದ ಕವರ್‌ಗಳನ್ನು ಒಲೆಯ ಪಕ್ಕ ಹರಡಿ, ಒಣಗಿಸಿ ಓದಿದೆ. ವಾಟ್ಸಾಪ್‌ನಲ್ಲಿ ಬಂದವು ಬೇರೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಅಳು. ಎಲ್ಲರಿಗೂ ಉತ್ತರಿಸಲು ಜಾಗ ಇಲ್ಲ. ಕೆಲವನ್ನು ಆರಿಸಿದ್ದೇನೆ.

ಹೋದ ಸಂಚಿಕೆ ಓದದವರಿಗೆ ಎರಡು ಮಾತು. ಪುಸ್ತಕದ ಹೆಸರು 'ಐಯಾಮ್ ಗ್ಲಾಡ್ ಮೈ ಮಾಮ್ ಡೈಡ್'. ಅಂದರೆ, ಅಮ್ಮ ಸತ್ತಿದ್ದು ನನಗೆ ಖುಷಿ. 2022ರ ಆಗಸ್ಟ್‌ನಲ್ಲಿ ಬಂತು. ಮೊದಲ ವಾರದಲ್ಲೇ 2 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಜೆನೆಟ್ ನಟನೆಗೆ ಇಳಿದಿದ್ದು ಆರನೇ ವಯಸ್ಸಿಗೆ. ಆ ಆಸೆ ಅವರದಲ್ಲ, ಅಮ್ಮನದು. 2007ರಿಂದ 2012ರವರೆಗೆ ಅಮೆರಿಕದ ಮಕ್ಕಳ ಚಾನೆಲ್ ನಿಕೆಲೋಡಿಯನ್‌ನಲ್ಲಿ ಬಂದ 'ಐಕಾರ್ಲಿ' ಧಾರಾವಾಹಿಯಲ್ಲಿ ಸ್ಯಾಮ್ ಅನ್ನುವ ಹುಡುಗಿಯಾಗಿ ಅವರು ಮನೆಮಾತಾದರು. ತೆರೆಯ ಮೇಲೆ ಸ್ಯಾಮ್‌ಗೆ ಯಾವಾಗಲೂ ತಿನ್ನುವುದೇ ಕೆಲಸ. ಮನೆಯಲ್ಲಿ ಮಾತ್ರ ಬೇರೆ ಕಥೆ. ಮೈ ಬೆಳೆಯದಿರಲು ಏನು ಮಾಡಬೇಕು ಅಂತ 11 ವರ್ಷದ ಮಗು ಕೇಳಿದಾಗ, ಕ್ಯಾಲೊರಿ ಎಣಿಸಿ ಊಟ ಕಡಿಮೆ ಮಾಡುವುದನ್ನು ಅಮ್ಮನೇ ಕಲಿಸಿದರು. ಆ ಅಮ್ಮ 2013ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಪ್ರಶ್ನೆ: ಮೇಡಂ, ನಾನು 34 ವರ್ಷ ಪಾಠ ಮಾಡಿದವನು. ಗುರುಕಾರೋಣರನ್ನು, ಅಂದರೆ ಮನೆತನದ ಹಿರಿಯರನ್ನು, ನೆನೆಯದೆ ಒಂದು ಶುಭಕಾರ್ಯ ಶುರು ಮಾಡದ ನಾಡು ನಮ್ಮದು. ಹೆತ್ತ ತಾಯಿ ಸತ್ತಿದ್ದು ಖುಷಿ ಅಂತ ಪುಸ್ತಕದ ಮೇಲೆ ಅಚ್ಚು ಹಾಕಿಸಿದವಳನ್ನು ನೀವು ಯಾಕೆ ಹೊಗಳಿದಿರಿ?
ನಿವೃತ್ತ ಮೇಷ್ಟ್ರು, ಮಡಿಕೇರಿ

ಮೇಷ್ಟ್ರೇ, ಆ ಹೆಸರು ನೋಡಿ ನನಗೂ ಕೈ ಹಿಂದೆ ಹೋಯಿತು. ಸುಳ್ಳು ಹೇಳುವುದಿಲ್ಲ. ಆದರೆ ಪುಸ್ತಕ ಎಲ್ಲಿಂದ ಶುರುವಾಗುತ್ತದೆ ಗೊತ್ತಾ? ಆಸ್ಪತ್ರೆಯಲ್ಲಿ ಅಮ್ಮ ಎಚ್ಚರವಿಲ್ಲದೆ ಮಲಗಿದ್ದಾರೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತಿರ ಹೋಗಿ, ಅಮ್ಮನಿಗೆ ಯಾವುದು ಖುಷಿ ಕೊಡಬಹುದೋ ಆ ಸುದ್ದಿ ಹೇಳುತ್ತಾರೆ. ಕೇಳಿದರೆ ಕಣ್ಣು ತೆರೆದಾರು ಅಂತ. ಈ ಮಗಳು ಹೇಳುವುದು ತನ್ನ ತೂಕ. ನಾನೀಗ 89 ಪೌಂಡ್‌ಗೆ ಇಳಿದಿದ್ದೇನೆ ಅಮ್ಮ ಅನ್ನುತ್ತಾಳೆ. ಅಂದರೆ ಸುಮಾರು 40 ಕಿಲೋ. 21 ವರ್ಷದ ಹುಡುಗಿ. ಅಮ್ಮನನ್ನು ಬದುಕಿಸಲು ಅವಳ ಹತ್ತಿರ ಇದ್ದ ಅತಿ ದೊಡ್ಡ ಉಡುಗೊರೆ ಅದು.

ಅಮ್ಮನನ್ನು ಪ್ರೀತಿಸದವರು ಹಾಗೆ ಹೇಳುತ್ತಾರಾ? ನನಗೆ ಹಾಗನ್ನಿಸಲಿಲ್ಲ. ಅಮ್ಮನ ಖುಷಿಯನ್ನು ಬಿಟ್ಟು ಬೇರೆ ಲೋಕವೇ ಗೊತ್ತಿಲ್ಲದ ಮಗು ಅದು. ಅಮ್ಮನಿಗೆ ಕ್ಯಾನ್ಸರ್ ಬಂದಾಗ ಅವಳಿಗೆ ಎರಡು ವರ್ಷ. ಆ ಕಾಲದ ವಿಡಿಯೊವನ್ನು ಅಮ್ಮ ಮನೆಯಲ್ಲಿ ಮತ್ತೆ ಮತ್ತೆ ಹಾಕಿ ಮಕ್ಕಳನ್ನು ಕೂರಿಸಿ ತೋರಿಸುತ್ತಿದ್ದರಂತೆ. ಅಮ್ಮ ಯಾವಾಗ ಬೇಕಾದರೂ ಸಾಯಬಹುದು ಅನ್ನುವ ಭಯದಲ್ಲಿ ಬೆಳೆದ ಮಗು ಯಾವುದಕ್ಕಾದರೂ 'ಬೇಡ' ಅಂದೀತಾ ಹೇಳಿ. ಹಿರಿಯರನ್ನು ನೆನೆಯುವುದು ಸರಿ ಮೇಷ್ಟ್ರೇ, ನಾನೂ ದೀಪ ಹಚ್ಚುವವಳೇ. ಆದರೆ ನೆನೆಯುವುದು ಅಂದರೆ ನಡೆದಿದ್ದನ್ನು ಮುಚ್ಚುವುದು ಅಂತ ನಾನು ಒಪ್ಪುವುದಿಲ್ಲ. ನೀವು ಪುಸ್ತಕ ಓದಿ, ಆಮೇಲೂ ಸಿಟ್ಟು ಉಳಿದರೆ ಬರೆಯಿರಿ, ಖಂಡಿತ ಹಾಕುತ್ತೇನೆ.

ಪ್ರಶ್ನೆ: ಅಕ್ಕ, ನಮ್ಮ ಅಪ್ಪು ಕೂಡ ಬಾಲನಟ ತಾನೇ? ಅವರು ಚೆನ್ನಾಗಿ ಬೆಳೆಯಲಿಲ್ವಾ? ಸುಮ್ನೆ ಹೆದರಿಸಬೇಡಿ.
ಸಿನಿಮಾ ಪ್ರೇಮಿ, ಕುಶಾಲನಗರ

ಹೆದರಿಸುತ್ತಿಲ್ಲ. ಪುನೀತ್ ಅವರಿಗೆ 'ಬೆಟ್ಟದ ಹೂವು' ಚಿತ್ರಕ್ಕೆ ಬಾಲನಟ ರಾಷ್ಟ್ರಪ್ರಶಸ್ತಿ ಬಂದಾಗ ನಾವೆಲ್ಲ ನಮ್ಮ ಮನೆಯ ಮಗುವಿಗೇ ಬಂದಷ್ಟು ಖುಷಿಪಟ್ಟಿದ್ದೇವೆ. ಟಿವಿಯದ್ದೇ ಬೇಕು ಅಂದರೆ ಶಂಕರ್‌ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ನ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥ್, ನೆನಪಾಗುತ್ತಾರೆ. ಇಡೀ ದೇಶ ಗುರುತು ಹಿಡಿಯುತ್ತಿದ್ದ ಹುಡುಗ. ಮುಂದೆ ನಟನೆ ಬಿಟ್ಟು, ಓದಿ, ಬೇರೆ ಕೆಲಸ ಹಿಡಿದರು. ಬಿಡಬೇಕು ಅನ್ನಿಸಿದಾಗ ಬಿಡಲು ಆಯಿತು, ನನಗೆ ಮುಖ್ಯ ಅನ್ನಿಸುವುದು ಅದು. ಪುನೀತ್ ಮನೆಯಲ್ಲಿ ಒಲೆ ಉರಿಯಲು ಮಗುವಿನ ಸಂಭಾವನೆ ಬೇಕಿರಲಿಲ್ಲ. ಜೆನೆಟ್ ಮನೆಯಲ್ಲಿ ಬೇಕಿತ್ತು. ಮನೆ ತುಂಬ ಅಮ್ಮ ಬಿಸಾಡದೆ ಕೂಡಿಟ್ಟ ಸಾಮಾನು, ಮಕ್ಕಳು ಮಲಗುತ್ತಿದ್ದುದು ಚಾಪೆಯ ಮೇಲೆ, ಬಾಡಿಗೆ ಕಟ್ಟುವುದೇ ಕಷ್ಟ. ಮಗು ಆಡಿಷನ್‌ನಲ್ಲಿ ಸೋತರೆ ಇಡೀ ಮನೆ ಸೋತ ಹಾಗೆ.

ಪ್ರಶ್ನೆ: ಅಕ್ಕ, ನಮ್ಮ ಮಗಳಿಗೆ ಏಳು ವರ್ಷ. ದಸರಾ ಮಕ್ಕಳ ಕಾರ್ಯಕ್ರಮದಲ್ಲಿ ಕುಣಿದಿದ್ದನ್ನು ಯಾರೋ ಮೊಬೈಲ್‌ನಲ್ಲಿ ಹಿಡಿದು ಹಾಕಿದ್ದರು. ಈಗ ಒಂದು ಧಾರಾವಾಹಿಯವರು ಬೆಂಗಳೂರಿಗೆ ಕರೆದಿದ್ದಾರೆ. ಮನೆಯವರಿಗೆಲ್ಲ ಖುಷಿ. ನಿಮ್ಮ ಬರಹ ಓದಿದ ಮೇಲೆ ನನಗೆ ನಿದ್ದೆ ಇಲ್ಲ. ಕಳಿಸಬೇಕಾ, ಬೇಡ್ವಾ?
ಒಬ್ಬ ತಾಯಿ, ಗೋಣಿಕೊಪ್ಪ

ನಿದ್ದೆ ಕೆಡಿಸಿದ್ದಕ್ಕೆ ಕ್ಷಮಿಸಿ. ಆದರೆ ಈ ಪ್ರಶ್ನೆ ಕೇಳಿದ್ದೀರಲ್ಲ, ಅದೇ ಸಮಾಧಾನ.

ಮೊದಲು ಕಾನೂನು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. 14 ತುಂಬದ ಮಗು ಧಾರಾವಾಹಿ, ಸಿನಿಮಾ, ಜಾಹೀರಾತಿನಲ್ಲಿ ನಟಿಸಬಹುದು, ಆದರೆ ಶಾಲೆ ಕೆಡಬಾರದು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಡುವು ಕೊಡದೆ 3 ಗಂಟೆ ಮೀರುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿಯನ್ನು ನಿರ್ಮಾಪಕರೇ ಪಡೆಯಬೇಕು. ಆ ಕಾಗದವನ್ನು ಕೇಳಿ ನೋಡಿ. ಕೇಳಿದ ತಕ್ಷಣ ಮುಖ ಗಂಟಿಕ್ಕಿದರೆ ಬ್ಯಾಗು ಎತ್ತಿಕೊಂಡು ವಾಪಸ್ ಬನ್ನಿ. ಇನ್ನು ದುಡ್ಡು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20 ಭಾಗ ಅವಳದೇ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಅದು ಕನಿಷ್ಠ. ನನ್ನ ಕೇಳಿದರೆ ಖರ್ಚು ಕಳೆದು ಉಳಿದಿದ್ದೆಲ್ಲ ಅವಳ ಹೆಸರಿಗೇ ಇಡಿ.

ಇಂಥ ನಿಯಮ ಯಾಕೆ ಬೇಕಾಯಿತು ಅನ್ನುವುದಕ್ಕೆ ಹಳೆಯ ಕಥೆ ಇದೆ. ಚಾಪ್ಲಿನ್ ಜೊತೆ 1921ರಲ್ಲಿ 'ದಿ ಕಿಡ್' ಚಿತ್ರದಲ್ಲಿ ನಟಿಸಿದ ಪುಟ್ಟ ಹುಡುಗ ಜಾಕಿ ಕೂಗನ್. ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ಅಮ್ಮ ಮತ್ತು ಮಲತಂದೆ ಹೆಚ್ಚಿನದನ್ನು ಖರ್ಚು ಮಾಡಿ ಮುಗಿಸಿದ್ದರು. ಕೋರ್ಟಿಗೆ ಹೋದ. ಸಿಕ್ಕಿದ್ದು ಸ್ವಲ್ಪವೇ. ಅದಾದ ಮೇಲೆ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು. ಈಗ ಅಲ್ಲಿ ಶೇ. 15 ಭಾಗ ಮಗುವಿನ ಖಾತೆಗೆ ಹೋಗಬೇಕು. ಆದರೆ ಜೆನೆಟ್ ಬೆಳೆದಿದ್ದೂ ಅದೇ ಕ್ಯಾಲಿಫೋರ್ನಿಯಾದಲ್ಲಿ ಅನ್ನುವುದನ್ನು ಮರೆಯಬೇಡಿ. ಕಾನೂನು ದುಡ್ಡನ್ನು ಕಾಯುತ್ತದೆ. ಊಟದ ತಟ್ಟೆಯನ್ನು ಕಾಯಲು ಅದಕ್ಕೆ ಆಗುವುದಿಲ್ಲ.

ನಿಮಗೆ ನನ್ನದೊಂದು ವಿಷಯ ಹೇಳಬೇಕು. ನನ್ನ ಮಗಳಿಗೆ ಎಂಟು ವರ್ಷ ಇದ್ದಾಗ ಮಕ್ಕಳ ಹಾಡಿನ ಸ್ಪರ್ಧೆಯ ಆಯ್ಕೆಗೆ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಕತ್ತಲೆಯಲ್ಲೇ ಮಡಿಕೇರಿ ಬಿಟ್ಟೆವು. ಕುಶಾಲನಗರ ದಾಟುವಾಗ ಹೊಟ್ಟೆನೋವು ಅಂದಳು. ಜೀರಿಗೆ ನೀರು ಕುಡಿಸಿದೆ, ಒಂದು ಸಲ ಹಾಡಿಬಿಡು ಚಿನ್ನ ಅಂದೆ. ಸಂಜೆ ಐದರವರೆಗೆ ಕಾಯಿಸಿದರು. ಕುಡಿಯುವ ನೀರೂ ಸರಿಯಾಗಿ ಇರಲಿಲ್ಲ. ಹಾಡಿದಳು, ಆಯ್ಕೆ ಆಗಲಿಲ್ಲ. ವಾಪಸ್ ಬರುವಾಗ ನಾನು ಬೇಜಾರಿನಲ್ಲಿ ಕಿಟಕಿ ನೋಡುತ್ತಾ ಕೂತಿದ್ದೆ. ಹುಣಸೂರು ಹತ್ತಿರ ಇರಬೇಕು, ಅವಳು ನನ್ನ ಕೈ ಹಿಡಿದು ಮೆಲ್ಲಗೆ 'ಸಾರಿ ಅಮ್ಮ' ಅಂದಳು. ಹೊಟ್ಟೆ ನೋಯುತ್ತಿದ್ದುದು ಅವಳಿಗೆ, ಕ್ಷಮೆ ಕೇಳಿದ್ದೂ ಅವಳೇ. ಆ ಹೊಟ್ಟೆನೋವೇ ಅವಳ 'ಬೇಡ' ಆಗಿತ್ತು. ಎಂಟು ವರ್ಷದ ಮಗುವಿಗೆ ಅದನ್ನು ಬೇರೆ ರೀತಿ ಹೇಳಲು ಬರಲಿಲ್ಲ. ನನಗೆ ಕೇಳಿಸಲಿಲ್ಲ.

ಅದಕ್ಕೇ ಹೇಳುತ್ತೇನೆ. ನೆಂಟರು ಇಲ್ಲದಾಗ, ಮೊಬೈಲ್ ಪಕ್ಕಕ್ಕಿಟ್ಟು, ಮಗಳನ್ನು ಕೇಳಿ. ಹೋಗ್ತೀಯಾ ಅಂತ ಕೇಳಬೇಡಿ, ಅದಕ್ಕೆ ಹೂಂ ಅಂತಲೇ ಬರುತ್ತದೆ. ನಾವು ಹೋಗದೆ ಇದ್ದರೆ ನಿನಗೆ ಏನನ್ನಿಸುತ್ತದೆ ಅಂತ ಕೇಳಿ. ಹೋದರೂ ಎರಡು ದಿನ ನೋಡಿ, ಮೂರನೇ ದಿನ ಮತ್ತೆ ಕೇಳಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ, ಮಗು ನಡುವೆ ಬಿಟ್ಟರೆ ದಂಡ ಕಟ್ಟಬೇಕಾ ಅಂತ ಗೊತ್ತಿರುವ ವಕೀಲರಿಗೆ ತೋರಿಸಿ. ಗೋಣಿಕೊಪ್ಪದಿಂದ ಬೆಂಗಳೂರು ಹತ್ತಿರದ ದಾರಿಯಲ್ಲ, ಆ ಸುಸ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಮತ್ತೆ ಒಂದು ಮಾತು, ಅವಳ ದುಡ್ಡನ್ನು ನಂಬಿ ಸಾಲ ಮಾಡಬೇಡಿ. ಮನೆಯ ಮಾಡಿಗೆ ಶೀಟು ಹಾಕಿಸಲೂ ಬೇಡ.

ಪ್ರಶ್ನೆ: ಆ ಚಾನೆಲ್‌ನಲ್ಲಿ ಜೆನೆಟ್‌ಗೆ ತೊಂದರೆ ಕೊಟ್ಟವನ ಹೆಸರನ್ನು ಅವಳು ಪುಸ್ತಕದಲ್ಲಿ ಯಾಕೆ ಬರೆದಿಲ್ಲ? ದುಡ್ಡು ತಗೊಂಡಳಾ?
ಓದುಗ, ಸೋಮವಾರಪೇಟೆ

ಹೆಸರು ಬರೆದಿಲ್ಲ, 'ದಿ ಕ್ರಿಯೇಟರ್' ಅಂತ ಮಾತ್ರ ಕರೆದಿದ್ದಾರೆ. ದುಡ್ಡಿನ ಮಾತು ಉಲ್ಟಾ. ಅಲ್ಲಿ ನಡೆದಿದ್ದನ್ನು ಹೊರಗೆ ಮಾತಾಡದಿದ್ದರೆ 3 ಲಕ್ಷ ಡಾಲರ್ ಕೊಡುತ್ತೇವೆ ಅಂತ ಬಂದಿತ್ತು, ತಾನು ಬೇಡ ಅಂದೆ ಅಂತ ಅವರೇ ಬರೆದಿದ್ದಾರೆ. ಆರನೇ ವಯಸ್ಸಿನಿಂದ ನುಂಗಿಕೊಂಡಿದ್ದ 'ಬೇಡ' ಅಲ್ಲಿ ಬಾಯಿಂದ ಹೊರಗೆ ಬಂದಿದೆ. ಆ ಪುಟ ಓದಿ ನಾನು ಎದ್ದು ಜಗಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಪ್ರಶ್ನೆ: ಅವಳ ಅಪ್ಪ ಎಲ್ಲಿದ್ದ?
ಓದುಗಿ, ನಾಪೋಕ್ಲು

ಮನೆಯಲ್ಲೇ ಇದ್ದರು, ಇದ್ದೂ ದೂರ. ಅಮ್ಮ ತೀರಿಕೊಂಡ ಮೇಲೆ, ಸಾಕಿದವರು ಹೆತ್ತ ತಂದೆ ಅಲ್ಲ ಅಂತ ಜೆನೆಟ್‌ಗೆ ಗೊತ್ತಾಗುತ್ತದೆ.

ಪ್ರಶ್ನೆ: ಕೋಟಿಗಟ್ಟಲೆ ದುಡಿದವಳ ಅಳು ಕೇಳಲು ಲಕ್ಷ ಜನ. ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಬಂದು ಕೂಲಿಯವರ ಲೈನ್ ಮನೆಯಲ್ಲಿ ಇರುವ ಮಕ್ಕಳ ಅಳು ಯಾರು ಬರೆಯುತ್ತಾರೆ?
ತೋಟದ ರೈಟರ್, ಸಿದ್ದಾಪುರ

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ನಿಜ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ ಕೊಯ್ಲು ನಡೆಯುವಾಗ, ತಂಗಿಯನ್ನು ಸೊಂಟದಲ್ಲಿಟ್ಟು ಗಿಡದ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕುವ ಹುಡುಗಿಯರನ್ನು ನಾನೂ ನೋಡಿದ್ದೇನೆ. 14ರ ಒಳಗಿನ ಮಗುವನ್ನು ತೋಟದ ಕೆಲಸಕ್ಕೆ ಇಟ್ಟುಕೊಳ್ಳುವುದು ಅದೇ ಕಾಯ್ದೆಯಲ್ಲಿ ಅಪರಾಧ. ಕ್ಯಾಮೆರಾ ಮುಂದೆ 5 ಗಂಟೆ ಅಂತಲಾದರೂ ಇದೆ, ಗಿಡದ ಮುಂದೆ ಒಂದು ಗಂಟೆಯೂ ದುಡಿಸುವಂತಿಲ್ಲ. ನಿಮ್ಮ ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಆದರೆ ಒಂದು ಮಗುವಿನ ನೋವು ಇನ್ನೊಂದರದ್ದನ್ನು ಸಣ್ಣದು ಮಾಡುವುದಿಲ್ಲ, ಅಲ್ವಾ? ನೀವೇ ಬರೆಯಿರಿ. ನೀವು ನೋಡಿದ್ದನ್ನು, ನೋಡಿದ ಹಾಗೆ. ಮಕ್ಕಳ ಹೆಸರು, ತೋಟದ ಹೆಸರು ಬೇಡ. ನಾನು ಸಂಪಾದಕರ ಹತ್ತಿರ ಮಾತಾಡುತ್ತೇನೆ.

ಪ್ರಶ್ನೆ: ಅಕ್ಕ, ನಾನು ಪಿಯುಸಿ, ಹಾಸ್ಟೆಲ್‌ನಲ್ಲಿದ್ದೇನೆ. ಟಿವಿಗೂ ನನಗೂ ಸಂಬಂಧ ಇಲ್ಲ. ಆದರೆ ಊಟದ ಭಾಗ ಓದಿ ಕೈ ನಡುಗಿತು. ನಾನೂ ತಿಂದ ಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುತ್ತೇನೆ. ಯಾರಿಗೂ ಗೊತ್ತಿಲ್ಲ.
ಹೆಸರು ಬೇಡ, ವಿರಾಜಪೇಟೆ

ತಂಗಿ, ಈಗ ನನಗೆ ಗೊತ್ತಾಯಿತು. ಹೇಳಿದ್ದು ತುಂಬ ಒಳ್ಳೆಯದಾಯಿತು. ಇದು ಕೆಟ್ಟ ಚಾಳಿ ಅಲ್ಲ, ಹಟ ಅಲ್ಲ, ಕಾಯಿಲೆ. ಇದಕ್ಕೆ ಚಿಕಿತ್ಸೆ ಇದೆ. ಜೆನೆಟ್ ಕೂಡ ಅಮ್ಮ ಹೋದ ಮೇಲೆ ಇದರಲ್ಲೇ ಸಿಕ್ಕಿಕೊಂಡರು, ವರ್ಷಗಳ ಚಿಕಿತ್ಸೆಯಿಂದ ಹೊರಗೆ ಬಂದರು. ಪದೇ ಪದೇ ವಾಂತಿ ಮಾಡಿದರೆ ಹೊಟ್ಟೆಯ ಆಮ್ಲ ಹಲ್ಲು ತಿನ್ನುತ್ತದೆ. ಮೈಯಲ್ಲಿ ಪೊಟ್ಯಾಶಿಯಂ ಇಳಿದು ಎದೆಬಡಿತ ಏರುಪೇರು ಆಗಬಹುದು. ತಲೆ ತಿರುಗಿದರೆ, ಎದೆ ಡವಡವ ಅಂದರೆ ಕಾಯಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗು. ಈ ವಾರವೇ 14416ಕ್ಕೆ ಫೋನ್ ಮಾಡು. ಅದು ಟೆಲಿ ಮನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಗೆ ಬಂದು ಮನೋವೈದ್ಯರನ್ನು ನೋಡಬೇಕು ಅಂದರೆ ನಾನೇ ಜೊತೆಗೆ ಬರುತ್ತೇನೆ. ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆದರೆ ಸಾಕು. ಈ ಪುಸ್ತಕವನ್ನು ಮಾತ್ರ ಸದ್ಯಕ್ಕೆ ಮುಚ್ಚಿಡು. ಅದರಲ್ಲಿ ತೂಕ, ಕ್ಯಾಲೊರಿ ಲೆಕ್ಕ ತುಂಬ ಇದೆ. ಈಗ ನಿನಗೆ ಅದು ಬೇಡ.

ಪ್ರಶ್ನೆ: ನನಗೆ 70. ಮೊಮ್ಮಗಳು ಓದಿ ಹೇಳಿದಳು. ನನ್ನ ಮಗಳಿಗೆ ಸ್ಟೇಜ್ ಅಂದರೆ ಆಗುತ್ತಿರಲಿಲ್ಲ, ಆದರೂ ಪ್ರತಿ ವರ್ಷ ಹತ್ತಿಸಿದೆ. ಅವಳಿಗೆ ಈಗ 44. ಇಷ್ಟು ವರ್ಷ ಆದ ಮೇಲೆ ಕ್ಷಮೆ ಕೇಳಬಹುದಾ?
ಒಬ್ಬ ಅಜ್ಜಿ, ಪೊನ್ನಂಪೇಟೆ

ಕೇಳಿ ಅಮ್ಮ. ಫೋನಿನಲ್ಲಿ ಬೇಡ. ಪುತ್ತರಿ ಹಬ್ಬಕ್ಕೆ ಮನೆಗೆ ಬರುತ್ತಾರಲ್ಲ, ಇಬ್ಬರೇ ಅಡುಗೆಮನೆಯಲ್ಲಿ ಅಕ್ಕಿಯ ಕಡಂಬುಟ್ಟು ಕಟ್ಟುತ್ತಾ ಇರುವಾಗ ಕೇಳಿ. ಕೈಗೆ ಕೆಲಸ ಇದ್ದರೆ ಮುಖ ನೋಡಬೇಕಾಗಿಲ್ಲ, ಮಾತು ಸಲೀಸು. ನಿನಗೆ ಇಷ್ಟ ಇರಲಿಲ್ಲ ಅಂತ ನನಗೆ ಗೊತ್ತಿತ್ತು ಅನ್ನಿ. ಅಷ್ಟೇ ಅನ್ನಿ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಅಂತ ಮಾತ್ರ ಸೇರಿಸಬೇಡಿ, ನಾನು ಹಾಗೆ ಸೇರಿಸಿ ಒಂದು ಸಲ ಕೆಡಿಸಿಕೊಂಡಿದ್ದೇನೆ. ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಇನ್ನೊಂದು ಉಂಡೆ ಕಟ್ಟಿ. ಅವರೇನು ಹೇಳಿದರು ಅಂತ ನನಗೆ ಬರೆಯಬೇಕಾಗಿಲ್ಲ.