ಹಳೇ ಬೊಲೆರೊ ಪಿಕಪ್‌ಗೆ ರೇಡಿಯೇಟರ್: ತಾಮ್ರವೋ ಅಲ್ಯೂಮಿನಿಯಮ್ಮೋ, ಕೂಲಂಟ್ ಯಾವುದು?

ಬೆಳ್ತಂಗಡಿಯ ಅಣ್ಣನ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಇದು. ಅವರದು ಹಳೇ ಬೊಲೆರೊ ಪಿಕಪ್, 2523 ಸಿಸಿ ಡೀಸೆಲ್. ತಾಮ್ರದ ರೇಡಿಯೇಟರ್ ಕೆಳಗಿನ ಟ್ಯಾಂಕಿನ ಹತ್ತಿರ ತೊಟ್ಟಿಕ್ಕುತ್ತಿದೆ. ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತಿದರೆ ಹೀಟ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಮೆಕ್ಯಾನಿಕ್ ಹೊಸ ಅಲ್ಯೂಮಿನಿಯಂ ಹಾಕಿ ಅಂತಾರೆ, ರೇಡಿಯೇಟರ್ ಅಂಗಡಿಯವರು ಕೋರ್ (ಎರಡು ಟ್ಯಾಂಕಿನ ನಡುವಿನ ಟ್ಯೂಬುಗಳ ಭಾಗ) ಮಾತ್ರ ಬದಲಿಸೋಣ ಅಂತಾರೆ. ಇಲ್ಲಿ ಉತ್ತರ ಕೊಟ್ಟವರಲ್ಲಿ ಕೆಲವರು ಹಸಿರು ಕೂಲಂಟ್ (ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಅಂದಿದ್ದಾರೆ, ಕೆಲವರು ಕೆಂಪು. ಒಬ್ಬರಂತೂ ಬಾವಿ ನೀರೇ ಸಾಕು ಅಂದುಬಿಟ್ಟಿದ್ದಾರೆ.

ಸೋರುವುದು ಬೇರೆ, ಹೀಟ್ ಆಗುವುದು ಬೇರೆ. ಎರಡಕ್ಕೂ ರೇಡಿಯೇಟರೇ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ಮೊದಲು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಪದರ) ಸರಿ ಇದೆಯಾ ನೋಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಕತ್ತಿನವರೆಗೆ ತುಂಬಿಸಿ ಸ್ಟಾರ್ಟ್ ಮಾಡಿ. ಶುರುವಿನಲ್ಲಿ ಒಂದಷ್ಟು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡ ಗಾಳಿ. ನಿಲ್ಲದೆ ಬರುತ್ತಲೇ ಇದ್ದರೆ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ ಅನುಮಾನ ಪಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ಮುಚ್ಚಳ ಹಾಕಿದ ಮೇಲೆ, ಎಂಜಿನ್ ಬಿಸಿ ಆಗುವ ಮೊದಲೇ ಮೇಲಿನ ಹೋಸ್ ಪೈಪ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದೂ ಅದೇ ಕಥೆ. ಹೀಗಿದ್ದರೆ ಎಂಥಾ ರೇಡಿಯೇಟರ್ ಹಾಕಿದರೂ ಪ್ರಯೋಜನ ಇಲ್ಲ.

ನಿಂತಾಗ, ನಿಧಾನಕ್ಕೆ ಹೋಗುವಾಗ ಮಾತ್ರ ಹೀಟ್ ಆಗಿ, ಓಡುವಾಗ ಸರಿ ಇದ್ದರೆ ಫ್ಯಾನ್ ಕಡೆ ನೋಡಿ. ಬೆಲ್ಟ್ ಸಡಿಲವಾ? ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಕವರ್ ಒಡೆದಿದೆಯಾ? ಆ ಕವರ್ ಇಲ್ಲದಿದ್ದರೆ ಫ್ಯಾನ್ ಸುಮ್ನೆ ಅಕ್ಕಪಕ್ಕದ ಗಾಳಿ ಎಳೆಯುತ್ತದೆ, ಕೋರ್ ಒಳಗಿಂದ ಎಳೆಯುವುದಿಲ್ಲ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿ ಹಿಡಿದು ಜೋರಾಗಿ ತಿರುಗುವಂಥದು) ಇದ್ದರೆ, ಬಿಸಿ ಎಂಜಿನ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿ. ಬಿಗಿ ಸಿಗಬೇಕು. ಸಲೀಸಾಗಿ ತಿರುಗಿದರೆ ಅದು ಹೋಗಿದೆ.

ಓಡುವಾಗ ಸರಿ ಇದ್ದು ಘಟ್ಟದಲ್ಲಿ ಮಾತ್ರ ಹೀಟ್ ಆದರೆ ಕೋರ್ ಒಳಗೆ ಕಟ್ಟಿಕೊಂಡಿದೆ, ಇಲ್ಲವೇ ಹೊರಗೆ ಟ್ಯೂಬುಗಳ ನಡುವೆ ಇರುವ ತೆಳು ತಗಡಿನ ಮಡಿಕೆ, ಅಂದರೆ ಫಿನ್‌ಗಳಲ್ಲಿ ಕೆಸರು, ಹೊಟ್ಟು, ಹುಳ ತುಂಬಿದೆ. ಹೊರಗಿನದನ್ನು ಸಾಮಾನ್ಯ ಪೈಪಿನ ನೀರಿನಲ್ಲಿ ಎಂಜಿನ್ ಕಡೆಯಿಂದ ಮುಂದಕ್ಕೆ ತೊಳೆಯಿರಿ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್ ಎಲ್ಲ ಮಲಗಿಬಿಡುತ್ತವೆ.

ಇನ್ನು ಯಾರೂ ಹೇಳದ ಸಂಗತಿ, ಮುಚ್ಚಳ. ಘಟ್ಟದ ಮೇಲೆ ಸಾವಿರ ಮೀಟರ್ ಎತ್ತರದಲ್ಲಿ ಬರೀ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿ ಇದ್ದರೆ ಅದೇ ನೀರು ಕುದಿಯಲು 117 ಡಿಗ್ರಿ ಹತ್ತಿರ ಬರಬೇಕು. ಅರ್ಧಕ್ಕರ್ಧ ಕೂಲಂಟ್ ಸೇರಿಸಿದರೆ ಇನ್ನೊಂದು ಆರೇಳು ಡಿಗ್ರಿ ಮೇಲೆ ಹೋಗುತ್ತದೆ, ಅಷ್ಟೇ. ಅಂದರೆ ಕುದಿಯದ ಹಾಗೆ ತಡೆಯುವುದರಲ್ಲಿ ಕೂಲಂಟ್‌ಗಿಂತ ಮುಚ್ಚಳದ ಕೆಲಸ ಜಾಸ್ತಿ. ರಬ್ಬರ್ ಬಿರುಕು ಬಿಟ್ಟ ಹಳೇ ಮುಚ್ಚಳ ಇಟ್ಟುಕೊಂಡು ದುಬಾರಿ ಕೂಲಂಟ್ ಹುಯ್ಯುವುದರಲ್ಲಿ ಅರ್ಥ ಇಲ್ಲ. ರೇಡಿಯೇಟರ್ ಜೊತೆಗೇ ಮುಚ್ಚಳವನ್ನೂ ಬದಲಿಸಿ. ಹಳೆಯದರ ಮೇಲೆ ಬರೆದ ಒತ್ತಡವೇ ಇರಲಿ, ಹೆಚ್ಚಿನದು ಬೇಡ. ಹಳೇ ಹೋಸ್ ತಡೆಯುವುದಿಲ್ಲ. ಗಾಡಿ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಗೆ ಹೋಗುತ್ತಿದ್ದರೆ ಮುಚ್ಚಳದ ಒಳಗಿನ ಚಿಕ್ಕ ವಾಲ್ವ್ ಅಂಟಿಕೊಂಡಿದೆ ಅಂತ ತಿಳಿಯಿರಿ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದು ಬಿಸಾಡಿಸಿದ್ದೀರಾ? ನಮ್ಮ ಮಲೆನಾಡಿನ ಗ್ಯಾರೇಜುಗಳಲ್ಲಿ ಹೀಟ್ ಅಂದ ತಕ್ಷಣ ಮೊದಲು ಮಾಡುವ ಕೆಲಸ ಅದು. ನನಗೆ ಒಪ್ಪಿಗೆ ಇಲ್ಲ. ಎಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನೂ ಅದೇ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಅಲ್ಲೇ ಸುತ್ತುತ್ತದೆ, ಹೀಟ್ ಇನ್ನೂ ಹೆಚ್ಚಾಗುತ್ತದೆ. ಹೊಸದು ಹಾಕಿಸಿ.

ಇಷ್ಟೆಲ್ಲ ನೋಡಿದ ಮೇಲೂ ರೇಡಿಯೇಟರ್ ಬೇಕು ಅಂತಾದರೆ, ತಾಮ್ರವೋ ಅಲ್ಯೂಮಿನಿಯಮ್ಮೋ ಅನ್ನುವ ಮಾತಿಗೆ ಬರೋಣ. ತಾಮ್ರ ಶಾಖವನ್ನು ಬೇಗ ಸಾಗಿಸುತ್ತದೆ ಅನ್ನುವುದು ನಿಜ. ಆದರೆ ನಾವು ತಾಮ್ರದ ರೇಡಿಯೇಟರ್ ಅನ್ನುವುದರಲ್ಲಿ ಫಿನ್ ಮಾತ್ರ ತಾಮ್ರ. ನೀರು ಹರಿಯುವ ಟ್ಯೂಬ್ ಹಿತ್ತಾಳೆಯದು, ಮಧ್ಯೆ ಬೆಸುಗೆ. ಹಿತ್ತಾಳೆಗಿಂತ ಅಲ್ಯೂಮಿನಿಯಂ ಚೆನ್ನಾಗಿ ಶಾಖ ಸಾಗಿಸುತ್ತದೆ, ಅದರ ಟ್ಯೂಬುಗಳನ್ನೂ ಅಗಲವಾಗಿ ಮಾಡಲು ಆಗುತ್ತದೆ. ಹಾಗಾಗಿ ಒಳ್ಳೆಯ ಅಲ್ಯೂಮಿನಿಯಂ ರೇಡಿಯೇಟರ್ ತಂಪು ಮಾಡುವುದರಲ್ಲಿ ಹಿಂದೆ ಬೀಳುವುದಿಲ್ಲ. ವ್ಯತ್ಯಾಸ ಇರುವುದು ರಿಪೇರಿಯಲ್ಲಿ. ತಾಮ್ರದ್ದು ಸೋರಿದರೆ ಬೆಸುಗೆ ಹಾಕಬಹುದು. ಕಟ್ಟಿಕೊಂಡರೆ ಟ್ಯಾಂಕ್ ಬಿಚ್ಚಿ ಸರಳು ಹಾಕಿ ಟ್ಯೂಬ್ ತೆರವು ಮಾಡಬಹುದು. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕನ್ನು ರಬ್ಬರ್ ಗ್ಯಾಸ್ಕೆಟ್ ಇಟ್ಟು ಅಂಚು ಮಡಚಿ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಬಿಸಿಗೆ ಆ ಪ್ಲಾಸ್ಟಿಕ್ ಪೆಡಸಾಗಿ ಸೀಳುತ್ತದೆ. ಸೀಳಿದ ಮೇಲೆ ಅಂಟು ಹಾಕಿದರೂ ಹೆಚ್ಚು ದಿನ ನಿಲ್ಲುವುದಿಲ್ಲ.

ನಿಮ್ಮ ಊರಿನ ಹತ್ತಿರ ಕೈ ಪಳಗಿದ ರೇಡಿಯೇಟರ್ ಕೆಲಸಗಾರ ಇದ್ದು, ಮೇಲಿನ ಕೆಳಗಿನ ಹಿತ್ತಾಳೆ ಟ್ಯಾಂಕ್ ಗಟ್ಟಿ ಇದ್ದರೆ ನಾನು ಹೊಸ ಕೋರ್ ಹಾಕಿಸಿ ಅಂತಲೇ ಹೇಳುತ್ತೇನೆ. ಮೊದಲು ಎಷ್ಟು ಸಾಲು ಟ್ಯೂಬ್ ಇತ್ತೋ ಅಷ್ಟೇ ಇರಬೇಕು. ಮೂರು ಸಾಲಿನ ಜಾಗದಲ್ಲಿ ಎರಡು ಸಾಲು ಹಾಕಿ ಕಡಿಮೆ ರೇಟ್ ಹೇಳುವವರು ಇದ್ದಾರೆ, ಎಣಿಸಿ ನೋಡಿ. ಫಿನ್ ವಿರಳವಾಗಿದ್ದರೂ ಅದೇ ಮೋಸ. ಅಂಥ ಕೆಲಸಗಾರ ಇಲ್ಲದಿದ್ದರೆ ಹೆಸರಿರುವ ಕಂಪನಿಯ ಅಲ್ಯೂಮಿನಿಯಂ ತಗೊಳ್ಳಿ. ಹೆಸರೇ ಇಲ್ಲದ ಡಬ್ಬದ್ದು ಬೇಡವೇ ಬೇಡ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಎರಡೂ ಬಗೆಯದು ನೋಡಿ ತರಬಹುದು. ಆದರೆ ಹಳೆಯದನ್ನು ಬಿಚ್ಚಿ ಜೊತೆಗೆ ಕೊಟ್ಟು ಕಳಿಸಿ. ಕೋರಿನ ಎತ್ತರ, ಅಗಲ, ದಪ್ಪ, ಹೋಸ್ ಬಾಯಿಯ ಅಳತೆ, ಬೋಲ್ಟ್ ಕೂರುವ ಜಾಗ ಎಲ್ಲ ಹೊಂದಬೇಕು. ಗಾಡಿ ಮಾಡೆಲ್ ಹೇಳಿದರೆ ಸಾಲದು, ಒಂದೇ ಹೆಸರಿನಲ್ಲಿ ಎಸಿ ಇರುವುದು, ಇಲ್ಲದ್ದು, ಬೇರೆ ಬೇರೆ ಎಂಜಿನ್ ಎಲ್ಲ ಬಂದಿವೆ. ಕೆಳಗಿನ ರಬ್ಬರ್ ಬುಷ್ ಹೊಸದು ಹಾಕಿ. ನಮ್ಮ ರಸ್ತೆಯ ಕುಲುಕಾಟ ನೇರ ಟ್ಯಾಂಕಿಗೆ ಹೊಡೆದರೆ ಯಾವ ಲೋಹವೂ ಬಾಳುವುದಿಲ್ಲ.

ಅಲ್ಯೂಮಿನಿಯಂ ಹಾಕಿದರೆ ಅರ್ಥ್ ವೈರ್ ನೋಡುವುದನ್ನು ಮರೆಯಬೇಡಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಕೂಲಂಟಿನಲ್ಲಿ ಅದ್ದಿ, ಲೋಹಕ್ಕೆ ತಾಗದ ಹಾಗೆ. ಲೈಟ್ ಹಾಕಿ ಎಂಜಿನ್ ಓಡಿಸಿ. 0.1 ವೋಲ್ಟ್ ಒಳಗೆ ಇದ್ದರೆ ಚಿಂತೆ ಇಲ್ಲ. 0.3 ದಾಟಿದರೆ ಎಲ್ಲೋ ಅರ್ಥ್ ಕೆಟ್ಟು ಕರೆಂಟ್ ನೀರಿನಲ್ಲಿ ಹರಿಯುತ್ತಿದೆ, ಹೊಸ ಕೋರ್‌ನಲ್ಲೂ ಸೂಜಿ ತೂತು ಬೀಳುತ್ತದೆ.

ಕೂಲಂಟ್ ವಿಷಯ. ಹಸಿರು, ಕೆಂಪು ಅನ್ನುವುದು ಬರೀ ಬಣ್ಣ, ಕಂಪನಿಯವರು ತಮಗಿಷ್ಟ ಬಂದ ಹಾಗೆ ಹಾಕುತ್ತಾರೆ. ನೋಡಬೇಕಾದ್ದು ಡಬ್ಬಿಯ ಹಿಂದೆ. ತುಕ್ಕು ತಡೆಯಲು ಸಿಲಿಕೇಟ್ ಇರುವ ಹಳೇ ಬಗೆಯದು ಐಎಟಿ (IAT), ಸಾಮಾನ್ಯವಾಗಿ ಎರಡು ವರ್ಷಕ್ಕೆ ಬದಲಿಸಬೇಕು. ಅದೇ ಕೆಲಸಕ್ಕೆ ಸಾವಯವ ಆಮ್ಲ ಬಳಸುವ ಹೊಸ ಬಗೆ ಓಎಟಿ (OAT), ಅದು ಐದು ವರ್ಷದವರೆಗೆ ಬಾಳುತ್ತದೆ. ನಿಮ್ಮದು ತಾಮ್ರವೇ ಉಳಿದರೆ ಐಎಟಿ ಸಾಕು, ಅದೇ ಒಳ್ಳೆಯದು ಕೂಡ. ಕೆಲವು ಓಎಟಿಗಳು ಸೀಸದ ಬೆಸುಗೆಯನ್ನು ಅಷ್ಟು ಚೆನ್ನಾಗಿ ಕಾಯುವುದಿಲ್ಲ. ಅಲ್ಯೂಮಿನಿಯಂ ಆದರೆ ಓಎಟಿ ಹಾಕಿ. ಎರಡನ್ನೂ ಬೆರೆಸಬೇಡಿ. ಭಾರತದ ಐಎಸ್ 5759 ಅಥವಾ ಜಪಾನಿನ ಜೆಐಎಸ್ ಕೆ 2234 ಅನ್ನುವ ಗುಣಮಟ್ಟದ ಸಂಖ್ಯೆ ಬರೆದಿದ್ದರೆ ನಂಬಬಹುದು. ಏನೂ ಬರೆಯದೆ ಬಣ್ಣ ಮಾತ್ರ ಇರುವ ಡಬ್ಬಿಯಲ್ಲಿ ಬಣ್ಣದ ನೀರೇ ಇದ್ದರೂ ಆಶ್ಚರ್ಯ ಇಲ್ಲ.

ಬಾವಿ ನೀರು ಸಾಕು ಅಂದವರಿಗೆ ಒಂದು ಮಾತು. ಕೋಲಾರ, ಚಿತ್ರದುರ್ಗದ ಬೋರ್ ನೀರಿನ ಹಾಗೆ ನಿಮ್ಮ ಕಡೆಯ ನೀರು ಬಿಳಿ ಪದರ ಕಟ್ಟುವುದಿಲ್ಲ, ಒಪ್ಪಿದೆ. ಆದರೆ ಮುರಕಲ್ಲಿನ ಬಾವಿ ನೀರಿಗೆ ಸ್ವಲ್ಪ ಹುಳಿ ಗುಣ ಇರುತ್ತದೆ. ಎಂಜಿನ್ನಿನ ಕಬ್ಬಿಣದ ಮೈ (ಬ್ಲಾಕ್) ತುಕ್ಕು ಹಿಡಿದು, ಆ ಕೆಂಪು ಕೆಸರೇ ರೇಡಿಯೇಟರ್ ಟ್ಯೂಬಿಗೆ ಹೋಗಿ ಕೂರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಸಿಡ್ ಕ್ಯಾನ್ ಅದರ ಪಕ್ಕದಲ್ಲೇ ಇರುತ್ತದೆ, ನೋಡಿ ತಗೊಳ್ಳಿ.

ತುಂಬಿಸುವ ಮೊದಲು ಎಂಜಿನ್ ಒಳಗೆ ಫ್ಲಶ್ ಮಾಡಿ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರು ಹಾಕಿ ಸ್ವಲ್ಪ ಹೊತ್ತು ಓಡಿಸಿ, ಸ್ವಚ್ಛ ನೀರು ಬರುವವರೆಗೆ ತೊಳೆಯಿರಿ. ಇದನ್ನು ಹಳೇ ರೇಡಿಯೇಟರ್ ಇರುವಾಗಲೇ ಮುಗಿಸಿ, ಕೊಳೆಯೆಲ್ಲ ಹೊಸದಕ್ಕೆ ಹೋಗಬಾರದು. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ. ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವುದು ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಸರಿ. ಆಮೇಲೆ ಅದನ್ನೂ ತೊಳೆಯಬೇಕು.

ಎಷ್ಟೇ ಸುರಿದರೂ ಬ್ಲಾಕಿನಲ್ಲಿ ಒಂದಷ್ಟು ನೀರು ಉಳಿದಿರುತ್ತದೆ. ಅದಕ್ಕೇ ಮೊದಲು ಕೂಲಂಟ್, ಆಮೇಲೆ ನೀರು. ಒಟ್ಟು 10 ಲೀಟರ್ ಹಿಡಿಯುವ ಗಾಡಿಗೆ ಅರ್ಧಕ್ಕರ್ಧ ಬೇಕಿದ್ದರೆ 5 ಲೀಟರ್ ಗಟ್ಟಿ (ನೀರು ಬೆರೆಸದ) ಕೂಲಂಟ್ ಮೊದಲೇ ಹಾಕಿ, ಉಳಿದದ್ದನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತುಂಬಿಸಿ. ಡಬ್ಬಿ ಮೇಲೆ 1:3 (ಒಂದು ಪಾಲು ಕೂಲಂಟ್, ಮೂರು ಪಾಲು ನೀರು) ಅಂತಿದ್ದರೆ ಎರಡೂವರೆ ಲೀಟರ್. ಮೊದಲೇ ನೀರು ಬೆರೆಸಿ ಬರುವ ರೆಡಿ ಮಿಕ್ಸ್ ಆದರೆ ನೀರು ಸೇರಿಸುವ ಹಾಗಿಲ್ಲ, ಬ್ಲಾಕಿನ ನೀರನ್ನೂ ಡ್ರೈನ್ ಪ್ಲಗ್ ತೆಗೆದು ಖಾಲಿ ಮಾಡಬೇಕು. ಗಾಡಿಯ ಮೂತಿ ಸ್ವಲ್ಪ ಏರಿನಲ್ಲಿ ನಿಲ್ಲಿಸಿ, ಮುಚ್ಚಳ ತೆರೆದೇ ಇಟ್ಟು, ಮೇಲಿನ ಹೋಸ್ ಬಿಸಿಯಾಗುವವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ. ಗಾಳಿ ಹೋದ ಹಾಗೆ ಮಟ್ಟ ಇಳಿಯುತ್ತದೆ, ತುಂಬಿಸುತ್ತಾ ಇರಿ. ಆಮೇಲೆ ಮುಚ್ಚಳ ಹಾಕಿ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ನೋಡಿ.

ಹಳೇ ಕೂಲಂಟನ್ನು ಅಂಗಳದಲ್ಲಿ, ತೋಟದ ಕಣಿಯಲ್ಲಿ ಸುರಿಯಬೇಡಿ. ಅದು ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತದೆ, ದನಗಳಿಗೂ ವಿಷವೇ. ಕ್ಯಾನಿನಲ್ಲಿ ತುಂಬಿ ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡಿ, ಆದರೆ ಆಯಿಲ್ ಜೊತೆ ಬೆರೆಸಬೇಡಿ.

ಅಣ್ಣ, ರೇಡಿಯೇಟರ್ ಬಿಚ್ಚಿದ ಮೇಲೆ ಎರಡು ಕಡೆಯ ಫೋಟೊ ಮತ್ತು ಕೋರಿನ ದಪ್ಪದ ಅಳತೆ ಇಲ್ಲಿ ಹಾಕಿ. ಎಷ್ಟು ಸಾಲಿನದು ಬೇಕು ಅಂತ ಆಗ ಹೇಳಬಹುದು.