ಕ್ಲಾಸಿಗೆ 20 ಟ್ಯಾಬ್ ಬಂದಿವೆ, ಮಕ್ಕಳ ಗಮನ ಹಿಡಿಯೋಕೆ ಯಾವ ಆಪ್ ಹಾಕಲಿ?

ನೀವು ಬರೆದಿರೋದು ಇಷ್ಟು: ವಿಜಯಪುರ, ಏಳನೇ ಕ್ಲಾಸು, ಗಣಿತ, ಆಡಳಿತ ಮಂಡಳಿ ಕೊಡಿಸಿದ ಟ್ಯಾಬ್. ಊರಿನ ಹೆಸರು ಬದಲಾಯಿಸಿದರೆ ಇದು ನಾನೇ ಹಿಂದೊಮ್ಮೆ ಎಲ್ಲರನ್ನೂ ಕೇಳುತ್ತಾ ತಿರುಗಿದ ಪ್ರಶ್ನೆ.

ನಾನು ಮುಧೋಳದ ಕಡೆ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಳೇ ವಿದ್ಯಾರ್ಥಿಯೊಬ್ಬರು ಟ್ಯಾಬ್ ಕೊಡಿಸಿದರು. ನಾನು ಒಂದು ಕ್ವಿಜ್ ಆಪ್ ಹಾಕಿದೆ. ಪ್ರಶ್ನೆ, ಉತ್ತರ ಒತ್ತೋಕೆ ನಾಲ್ಕು ಬಣ್ಣದ ಚೌಕ, ಮೇಲೆ ಓಡುವ ಟೈಮರ್, ಪ್ರತಿ ಪ್ರಶ್ನೆ ಮುಗಿದ ಮೇಲೆ ಮುಂದಿರುವವರ ಹೆಸರು ಗೋಡೆಯ ಮೇಲೆ. ಗದ್ದಲ ಅಂದರೆ ಗದ್ದಲ! ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ನೋಡಿ ಖುಷಿಪಟ್ಟರು. ಕಬ್ಬಿನ ಸೀಸನ್ನಿನಲ್ಲಿ ಶಾಲೆ ತಪ್ಪಿಸುತ್ತಿದ್ದ ಹುಡುಗರೂ ಬಂದು ಕೂತರು. ಭಿನ್ನರಾಶಿ ಪಾಠ ಪೂರ್ತಿ ಹೀಗೇ ಓಡಿತು.

ಆಮೇಲೆ ಹಾಳೆಯ ಮೇಲೆ ಪರೀಕ್ಷೆ ಕೊಟ್ಟೆ. ಒಬ್ಬ ಹುಡುಗ ಎದ್ದು ನಿಂತು, 'ಅಕ್ಕೋರ, ಇದರ ಉತ್ತರ ನೀಲಿ ಇತ್ತಲ್ರೀ?' ಅಂದ. ಕ್ಲಾಸು ನಕ್ಕಿತು. ನನಗೆ ಕೈಕಾಲು ತಣ್ಣಗಾದವು.

ನಾನು ಕೆಡಿಸಿದ್ದು ಟೈಮರ್‌ನಲ್ಲಿ. ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾರೂ ಹೇಳಲ್ಲ. ಆಪ್‌ನಲ್ಲಿ ಮೊದಲೇ 20 ಸೆಕೆಂಡ್ ಅಂತ ಇತ್ತು, ನಾನು ಮುಟ್ಟಲಿಲ್ಲ. ತಕ್ಷಣ ಸರಿ ಒತ್ತಿದರೆ 1000 ಅಂಕ, ಕೊನೇ ಕ್ಷಣದಲ್ಲಿ ಸರಿ ಒತ್ತಿದರೆ 500. ತಪ್ಪಿಗೆ ಕಳೆಯೋದಿಲ್ಲ. ಈಗ '2/3, 3/4, 5/6, 7/8, ಇವುಗಳಲ್ಲಿ ದೊಡ್ಡದು ಯಾವುದು?' ಅಂತ ಕೇಳಿದೆ ಅಂದುಕೊಳ್ಳಿ. ಲೆಕ್ಕ ಮಾಡುವ ಮಗು ಛೇದವನ್ನು 24ಕ್ಕೆ ತರಬೇಕು. 16, 18, 20, 21 ಅಂತ ಬರೆದು ನೋಡಬೇಕು. ಅಷ್ಟರಲ್ಲಿ 20 ಸೆಕೆಂಡ್ ಮುಗಿದಿರುತ್ತೆ. ಹತ್ತು ಪ್ರಶ್ನೆಯಲ್ಲಿ ನಾಲ್ಕನ್ನು ಹೇಗೋ ಕೊನೇ ಕ್ಷಣದಲ್ಲಿ ಮುಗಿಸಿದಳು ಅನ್ನಿ, 2000 ಅಂಕ. ಪಕ್ಕದವನು ಪ್ರಶ್ನೆ ಓದದೆ ಹತ್ತಕ್ಕೂ ಸುಮ್ನೆ ಒತ್ತಿದ. ನಾಲ್ಕು ಆಯ್ಕೆ ಇರೋದರಿಂದ ಸರಾಸರಿ ಎರಡೂವರೆ ಸರಿ ಬರುತ್ತವೆ. ಹತ್ತಿರ ಹತ್ತಿರ 2500! ಲೆಕ್ಕ ಮಾಡಿದವಳು ಕೆಳಗೆ, ಮಾಡದವನು ಮೇಲೆ, ಅದೂ ಗೋಡೆಯ ಮೇಲೆ ಹೆಸರು ಸಮೇತ. ಗಣಿತದ ಟೀಚರ್ ಆಗಿ ಈ ಲೆಕ್ಕ ನಾನು ಮೊದಲ ದಿನವೇ ಹಾಕಬೇಕಿತ್ತು.

ಮಕ್ಕಳು ದಡ್ಡರಲ್ಲ. ಯಾವುದಕ್ಕೆ ಅಂಕ ಸಿಗುತ್ತೋ ಅದನ್ನೇ ಕಲಿತರು. ಅದೇ ಕ್ವಿಜ್ ಮತ್ತೆ ಹಾಕಿದಾಗ ಬಣ್ಣ ನೆನಪಿಟ್ಟುಕೊಂಡರು. ಲೆಕ್ಕ ಚೆನ್ನಾಗಿ ಬರುತ್ತಿದ್ದ ಒಂದಿಬ್ಬರು ಹುಡುಗಿಯರು ಪೆನ್ಸಿಲ್ ಕೆಳಗಿಟ್ಟು ತಾವೂ ಸುಮ್ನೆ ಒತ್ತತೊಡಗಿದರು. ಆ ಪಾಠ ಮತ್ತೆ ಮೊದಲಿಂದ ಮಾಡಬೇಕಾಯ್ತು, ದಶಮಾಂಶಕ್ಕೆ ಸಮಯ ಉಳಿಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮಕ್ಕಳ ಗಮನ ಹೋಗುತ್ತಿರೋದು ಸ್ಕ್ರೀನ್ ಇಲ್ಲ ಅಂತಲ್ಲ. ಆ ಪಾಠ ಎರಡನೇ ಸಲ ಮಾಡುವಾಗ ನಾನು ಕೇಳಿದ್ದು ಇಷ್ಟೇ: ಎಕರೆಗೆ 40 ಗುಂಟೆ, ನಾಲ್ಕರಲ್ಲೊಂದು ಪಾಲು ಬೇಕೋ ಎಂಟರಲ್ಲೊಂದು ಬೇಕೋ? ನಾಲ್ಕಕ್ಕಿಂತ ಎಂಟು ದೊಡ್ಡದು, ಹಂಗಾಗಿ 1/8 ದೊಡ್ಡದು ಅನ್ನುತ್ತಿದ್ದವನೇ 'ಎಂಟರಾಗ ಒಂದಂದ್ರ ಐದ ಗುಂಟೆ ಬರ್ತೈತ್ರೀ, ಯಾರಿಗೆ ಬೇಕ್ರೀ' ಅಂದ.

ಟ್ಯಾಬ್ ಬಿಸಾಡಿ ಅಂತ ಹೇಳ್ತಿಲ್ಲ. ಕಪ್ಪು ಹಲಗೆಯ ಮೇಲೆ ಆಗದ್ದಕ್ಕೆ ಮಾತ್ರ ಹೊರಗೆ ತೆಗೆಯಿರಿ. ಏಳನೇ ಕ್ಲಾಸಿಗೆ ತ್ರಿಭುಜ ಇದೆಯಲ್ಲ, ಅಲ್ಲಿ ಜಿಯೋಜೀಬ್ರಾ ಚೆನ್ನ, ಆಕೃತಿ ಬರೆದು ಎಳೆದು ನೋಡುವ ಗಣಿತದ ಆಪ್ ಅದು. ಉಚಿತ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತೆ. ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನ ಬದಲಾಗುತ್ತಾ ಹೋಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ. ಆದರೆ ಎಳೆಯೋಕೆ ಮುಂಚೆ 'ಏನಾಗುತ್ತೆ?' ಅಂತ ನೋಟ್‌ಬುಕ್ಕಿನಲ್ಲಿ ಬರೆಸಿ. ಬರೆಯದವರ ಕೈಗೆ ಟ್ಯಾಬ್ ಇಲ್ಲ. ಆಪ್ ಪ್ರತಿ ಕೋನವನ್ನು ಹತ್ತಿರದ ದಶಮಾಂಶಕ್ಕೆ ಸರಿಮಾಡಿ ತೋರಿಸೋದರಿಂದ, ಆ ಮೂರು ಸಂಖ್ಯೆ ಕೂಡಿಸಿದಾಗ ಒಮ್ಮೊಮ್ಮೆ 180.01 ಬರುತ್ತೆ, ಯಾರಾದರೂ ಹಿಡಿದೇ ಹಿಡೀತಾರೆ. ಆಗ ಗಾಬರಿಯಾಗಬೇಡಿ, ಯಾಕೆ ಹೀಗೆ ಅಂತ ಅವರನ್ನೇ ಕೇಳಿ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಜಾಸ್ತಿ ಚರ್ಚೆ ನಡೆಯೋದು ಅಲ್ಲೇ.

ತಲೆಗೊಂದು ಟ್ಯಾಬ್ ಕೊಡಲೇಬೇಡಿ. ಮೂವರಿಗೆ ಒಂದು ಸಾಕು. ಒಬ್ಬರು ಎಳೆಯಲಿ, ಒಬ್ಬರು ಬರೆಯಲಿ, ಇನ್ನೊಬ್ಬರು ಜಗಳ ಆಡಲಿ. ಕ್ವಿಜ್ ಬೇಕೇ ಬೇಕಾದರೆ ಟೈಮರ್ ತೆಗೆದುಬಿಡಿ, ಹೆಸರಿನ ಪಟ್ಟಿ ಮುಚ್ಚಿ, ಆಯ್ಕೆಗಳ ಜಾಗ ಪ್ರತಿ ಸಲ ಬದಲಾಗುವ ಹಾಗೆ ಮಾಡಿ.

ಆಡಳಿತ ಮಂಡಳಿ 'ಇಷ್ಟು ದುಡ್ಡು ಹಾಕಿದ್ದೀವಿ, ದಿನಾ ಬಳಸಿ' ಅನ್ನುತ್ತೆ. ನಮ್ಮಲ್ಲೂ ಅಂದಿದ್ದರು. ಪೆರು ದೇಶದ ಕಥೆ ಹೇಳಿ. ಅಲ್ಲಿ ಹಳ್ಳಿ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಬಂದ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರ ಅಂಕದಲ್ಲೂ ಏರಿಕೆ ಕಾಣಲಿಲ್ಲ. ಆಪ್ ಚಂದಾಕ್ಕೆ ಅಂತ ತೆಗೆದಿಟ್ಟ ದುಡ್ಡು ಇದ್ದರೆ, ಒಂದು ಬೀಗದ ಕಪಾಟು ಮಾಡಿಸಿಕೊಂಡು ಅದರೊಳಗೇ ಚಾರ್ಜಿಂಗ್ ಪಾಯಿಂಟ್ ಹಾಕಿಸಿಕೊಳ್ಳಿ.