ಪ್ರತಿಕ್ರಿಯೆ: ಮಗಳ ಪಾಲಿನ ಸೈಟ್ ಮಾರಲು ತಾಯಿಯ ಸಹಿ ಸಾಲದೇ?

ತೀರಿಕೊಂಡ ಪತಿಯ ಸೈಟ್ ಮಾರಲು ಹೊರಟರೆ, ಅದರಲ್ಲಿ ಮಗಳಿಗೂ ಪಾಲಿದೆ, ಕೋರ್ಟ್ ಅನುಮತಿ ತನ್ನಿ ಎಂದು ಕೊಳ್ಳುವವರು ಹೇಳುತ್ತಿದ್ದಾರೆ, ನನ್ನ ಸಹಿ ಸಾಲದೇ ಎಂದು ಕೇಳಿದ್ದೀರಿ. ಅವರು ಹಾಗೆ ಕೇಳುತ್ತಿರುವುದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಿಂದಾಗಿ. ಪತಿ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಮಗಳಿಗೆ ನೀವೇ ಸಹಜ ಪಾಲಕಿ, ಅದಕ್ಕೆ ಯಾವ ಆದೇಶವೂ ಬೇಡ. ಆದರೆ ಅವಳ ಸ್ಥಿರಾಸ್ತಿ ಮಾರಲು, ಅಡವಿಡಲು ಮುಂಚಿತ ಅನುಮತಿ ಬೇಕೇ ಬೇಕು. ಇಲ್ಲದಿದ್ದರೆ ಮಗಳು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಆ ಮಾರಾಟವನ್ನು ಪ್ರಶ್ನಿಸಿ ರದ್ದು ಮಾಡಿಸಬಹುದು. ಕೊಳ್ಳುವವರ ಭಯ ಸುಮ್ಮನೆ ಅಲ್ಲ.

ಮೊದಲು ವಾರಸುದಾರರನ್ನು ಎಣಿಸಿ. ಸೈಟ್ ಪತಿಯ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೆ ನಿಮಗೆ, ಮಗಳಿಗೆ, ಬದುಕಿದ್ದರೆ ಅತ್ತೆಗೂ (ಪತಿಯ ತಾಯಿಗೂ) ಸಮಪಾಲು. ಅತ್ತೆಯನ್ನು ಮರೆತೇ ಎಷ್ಟೋ ವ್ಯವಹಾರ ಕೊನೇ ಗಳಿಗೆಯಲ್ಲಿ ನಿಲ್ಲುತ್ತವೆ. ಪಿತ್ರಾರ್ಜಿತವೋ ಎಂದು ನೀವು ಬರೆದಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಾದರೆ ಲೆಕ್ಕವೇ ಬೇರೆ, ಈ ಕಲಂ ಅನ್ವಯಿಸದೇ ಇರಬಹುದು. ಪತ್ರಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.

ನಂತರ ಸೈಟ್ ಇರುವ ವ್ಯಾಪ್ತಿಯ ಜಿಲ್ಲಾ ನ್ಯಾಯಾಲಯದಲ್ಲಿ (ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟ್) ಅರ್ಜಿ ಹಾಕಿ, ನೀವಿರುವ ಊರಲ್ಲಲ್ಲ. ಪತಿಯ ಮರಣ ಪ್ರಮಾಣಪತ್ರ, ಮಗಳ ಜನನ ಪತ್ರ, ವಂಶವೃಕ್ಷ, ಕ್ರಯಪತ್ರ, ಖಾತೆ, ಋಣಭಾರ ಪತ್ರ (ಆಸ್ತಿಯ ಮೇಲೆ ಅಡಮಾನ ಇದೆಯೇ ಎಂದು ತೋರಿಸುವ ದಾಖಲೆ), ಬೆಲೆಯ ಅಂದಾಜು ಜೊತೆಗಿರಲಿ. ‘ಹಣ ಬೇಕು’ ಎಂದಷ್ಟೇ ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಮಗುವಿಗೆ ಅಗತ್ಯ ಅಥವಾ ಸ್ಪಷ್ಟ ಲಾಭ ಏನೆಂದು ಸಾಲದ ಬಾಕಿ, ಶಾಲಾ ಶುಲ್ಕದ ರಸೀದಿಗಳ ಸಮೇತ ತೋರಿಸಿ. ಅವಳ ಪಾಲನ್ನು ಠೇವಣಿ ಇಡುವುದಾಗಿ ನೀವೇ ಬರೆದುಕೊಟ್ಟರೆ ಒಳ್ಳೆಯದು, ಕೋರ್ಟ್ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ.

ಆದೇಶ ಕೈಗೆ ಬರುವವರೆಗೆ ನೋಂದಣಿಗೆ ದಿನಾಂಕ ಕೊಟ್ಟು ಮುಂಗಡ ತೆಗೆದುಕೊಳ್ಳಬೇಡಿ.